ಸುಗಂಧರಾಜದ ಕುಂಡ

ನನ್ನ ಗಂಡ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಹೆಚ್ಚಿ ಬೇಯಿಸುವುದು ಬಿಟ್ಟರೆ ತರಕಾರಿಗೂ ಅವರಿಗೂ ಬೇರೆ ಸಂಬಂಧವಿರಲಿಲ್ಲ. ಅಂಥವರಿಗೆ ಈ ವರ್ಷ ಇದ್ದಕ್ಕಿದ್ದಂತೆ ತಾರಸಿಯಲ್ಲಿ ತೋಟ ಮಾಡುವ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಯಾರೋ ಬಕೆಟ್ಟಿನಲ್ಲಿ ಬದನೆಕಾಯಿ ಬೆಳೆದದ್ದನ್ನು ನೋಡಿದರಂತೆ. ಮಾರನೆಯ ದಿನವೇ ಕೈಗವಸು, ಪುಟ್ಟ ಸಲಿಕೆ, ಉದ್ದ ಮೂತಿಯ ನೀರಿನ ಕ್ಯಾನು ಎಲ್ಲ ಮನೆಗೆ ಬಂದವು. ಬೀಜ ತರುವುದೊಂದು ಮರೆತಿದ್ದರು. ಇವರ ಆರಂಭಶೂರತ್ವ ನನಗೇನೂ ಹೊಸದಲ್ಲ. ಒಂದು ವಾರದಲ್ಲಿ ತಣ್ಣಗಾಗುತ್ತದೆ ಎಂದು ಸುಮ್ಮನಿದ್ದೆ.

ತಣ್ಣಗಾಗಲಿಲ್ಲ. ಟೊಮೆಟೊ ಬೀಜವನ್ನು ಗೇಣುದ್ದ ಆಳಕ್ಕೆ ಹೂತರು. ಪಾಪ, ಮೇಲೆ ಬರುವ ದಾರಿ ಕಾಣದೆ ಅದು ಒಳಗೇ ಪ್ರಾಣ ಬಿಟ್ಟಿತು. ಪಾಲಕ್‌ಗೆ ನೀರು ಹೊಯ್ದೂ ಹೊಯ್ದೂ ಕೊಳೆಸಿದರು. ಹೊಸಬರಿಗೆ ಈರುಳ್ಳಿಯೇ ಸುಲಭ ಎಂದು ಯಾರೋ ಹೇಳಿದರೆಂದು, ಕೊನೆಗೆ ಕ್ಯಾಂಟೀನಿನಲ್ಲಿ ಮೊಳಕೆಯೊಡೆದಿದ್ದ ಈರುಳ್ಳಿ ತಂದರು. ಕುಂಡ ಸಾಲಲಿಲ್ಲ. ಮೂಲೆಯಲ್ಲಿ ಬರೀ ಮಣ್ಣು ತುಂಬಿಕೊಂಡು ಬಿದ್ದಿದ್ದ ಒಂದು ಕುಂಡವನ್ನು ಬೋರಲು ಹಾಕಿದರು. ಒಳಗೆ ಸಣ್ಣ ಸಣ್ಣ ಸುಕ್ಕು ಗಡ್ಡೆಗಳ ಗೊಂಚಲಿತ್ತು. ಅವರ ಅಡುಗೆಮನೆಯಲ್ಲಿ ನಿಯಮ ಒಂದೇ: ಸುಕ್ಕಿದ ಈರುಳ್ಳಿ ಕೈಗೆ ಸಿಕ್ಕರೆ ಯೋಚಿಸಬಾರದು, ಎಸೆಯಬೇಕು, ಇಲ್ಲದಿದ್ದರೆ ಮೂಟೆಯೇ ಕೆಡುತ್ತದೆ. ಕೈ ತನ್ನ ಅಭ್ಯಾಸದಂತೆ ಕೆಲಸ ಮಾಡಿತು. ಗಡ್ಡೆಗಳು ಕಸದ ಗಾಡಿಗೆ ಹೋದವು, ಈರುಳ್ಳಿ ಕುಂಡಕ್ಕೆ ಬಂತು.

ಆ ಕುಂಡ ನನ್ನ ಅಮ್ಮನದು. ಅಮ್ಮ ತೀರಿಹೋದ ಮೇಲೆ ಅಪ್ಪ ನಮ್ಮ ಮನೆಗೆ ಬಂದಾಗ ಒಂದು ಟ್ರಂಕಿನ ಜೊತೆ ಅದನ್ನೂ ತಂದಿದ್ದರು. ಆಮೇಲೆ ಮಂಡಿನೋವಿನಿಂದ ಅವರು ಮೇಲೆ ಹತ್ತುವುದು ನಿಂತಿತು, ಕುಂಡವನ್ನು ನಾವು ಮರೆತೆವು. ನಾವು ಎನ್ನುವುದೇಕೆ, ನಾನು ಮರೆತೆ. ಬಟ್ಟೆ ಹರವಲು ದಿನವೂ ತಾರಸಿಗೆ ಹೋಗುತ್ತಿದ್ದವಳು ನಾನು. ಎಲೆ ಒಣಗಿ ಉದುರಿದ್ದನ್ನು ನೋಡಿ, ಗಿಡ ಸತ್ತಿತು ಎಂದುಕೊಂಡು ನನ್ನ ಪಾಡಿಗೆ ನಾನು ಇಳಿದು ಬಂದಿದ್ದೆ.

ಮಂಡಿ ಸ್ವಲ್ಪ ಸುಧಾರಿಸಿದ ಮೇಲೆ ಒಂದು ಸಂಜೆ ಅಪ್ಪ ಗೋಡೆ ಹಿಡಿದುಕೊಂಡು ಮೇಲೆ ಬಂದರು. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಈಗ ಕಣ್ಣಿಗೆ ಪೊರೆ, ಮೂಗಿಗೆ ಕಾಯಂ ರಜೆ. ಹಿಂದೊಮ್ಮೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಪ್ಪ ಮಾತ್ರ ಡೀಸೆಲ್ಲನ್ನು ಬೈಯುತ್ತಾರೆ. ಕುಂಡದ ಮುಂದೆ ಬಗ್ಗಿ, ಹಸಿರು ಕಂಡು, ಪಕ್ಕದ ಬಕೆಟ್ಟನ್ನು ಬೋರಲು ಹಾಕಿ ಕೂತುಬಿಟ್ಟರು.

"ಬಂದೇಬಿಡ್ತು ನೋಡು," ಎಂದು ನಕ್ಕರು. "ಅವಳು ಹೇಳಿದ್ಲು. ಸುಗಂಧರಾಜ ಒಣಗಿದ್ರೆ ಎಸೀಬೇಡಿ, ಮಣ್ಣೊಳಗೆ ಮಲಗಿರುತ್ತೆ, ಮನಸ್ಸು ಬಂದಾಗ ಎದ್ದು ಬರುತ್ತೆ ಅಂತ."

ನನ್ನ ಗಂಡನ ಕೈಯಲ್ಲಿದ್ದ ಕ್ಯಾನಿನ ನೀರು ಅವರದೇ ಕಾಲ ಮೇಲೆ ಸುರಿಯುತ್ತಿತ್ತು. ಅವರ ಮುಖ ನೋಡಿಯೇ ನನಗೂ ಎಲ್ಲ ಅರ್ಥವಾಯಿತು. ಈರುಳ್ಳಿ ಎಲೆ ಗುರುತಿಸಲು ಪಾಂಡಿತ್ಯವೇನೂ ಬೇಕಿಲ್ಲ.

"ರೀ, ಅಪ್ಪನಿಗೆ ಹೇಳ್ಬಿಡಿ," ಅಂದೆ, ಕೆಳಗೆ ಬಂದ ಮೇಲೆ.

"ಹೇಗೆ ಹೇಳ್ಲಿ? ಮಾವ ನಕ್ಕಿದ್ದು ನೋಡಿದ್ಯಲ್ಲ."

ನೋಡಿದ್ದೆ. ಅಮ್ಮ ಹೋದ ಮೇಲೆ ಅಪ್ಪ ಹಾಗೆ ನಕ್ಕದ್ದು ಅದೇ ಮೊದಲು. "ಸರಿ, ನಾಳೆ ಹೇಳಿ," ಅಂದೆ. ನಮ್ಮ ಮನೆಯಲ್ಲಿ ನಾಳೆ ಎಂಬುದು ಬಹಳ ಅನುಕೂಲದ ದಿನ.

ಅಪ್ಪ ಪ್ರತಿ ಸಂಜೆ ಮೇಲೆ ಬರತೊಡಗಿದರು. ಗಿಡವನ್ನು ಮುಟ್ಟುತ್ತಿರಲಿಲ್ಲ, ಅಮ್ಮ ಇದ್ದಾಗ ಮುಟ್ಟಿದರೆ ಬೈಯುತ್ತಿದ್ದಳು. ಬಕೆಟ್ಟಿನ ಮೇಲೆ ಕೂತು ಅದರ ಜೊತೆ ಮಾತಾಡುತ್ತಿದ್ದರು. ಮಂಡಿಯ ವಿಷಯ, ಅಳಿಯನ ಕೈಯಲ್ಲಿ ಉಪ್ಪು ಸ್ವಲ್ಪ ಜಾಸ್ತಿ ಎಂಬ ವಿಷಯ, ಮಗಳು ಯಾಕೋ ಮಂಕಾಗಿದ್ದಾಳೆ ಎಂಬ ವಿಷಯ. ನಾನು ಒಣಗಿದ ಬಟ್ಟೆಯ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನಿಜ ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ನನ್ನ ಗಂಡನ ಸ್ಥಿತಿ ಇನ್ನೂ ಕಷ್ಟ. ನುಂಗಲಾರದ, ಉಗುಳಲಾರದ ಬಿಸಿತುಪ್ಪ. ಒಂದು ದಿನ ಊಟಕ್ಕೆ ಕೂತಾಗ ಅಪ್ಪ, "ಈರುಳ್ಳಿ ಸ್ವಲ್ಪ ಜಾಸ್ತಿ ಹಾಕಿದ್ರೇನೋ," ಅಂದದ್ದಕ್ಕೆ ಇವರಿಗೆ ನೆತ್ತಿ ಹತ್ತಿ, ನಾನು ಬೆನ್ನು ತಟ್ಟಬೇಕಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಹೀಗೇ ಇರುತ್ತಾರೆ. ಸಸಿ ಮಾರುವವರ ಬಳಿಗೆಲ್ಲ ಗುಟ್ಟಾಗಿ ಅಲೆದು ಸುಗಂಧರಾಜದ ಗಡ್ಡೆ ಕೇಳಿದರು. ಇದು ಅದರ ಕಾಲವಲ್ಲ ಎಂದು ಎಲ್ಲರೂ ಕೈ ಅಲ್ಲಾಡಿಸಿದರು. ಸಿಕ್ಕಿದ್ದರೂ ಅದು ಅಮ್ಮ ನೆಟ್ಟದ್ದಾಗುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಹಾಳು ಈರುಳ್ಳಿ ದಂಟು ಬಿಟ್ಟಿತು. ತುದಿಯಲ್ಲಿ ಬೆಳ್ಳಗೆ ಮೊಗ್ಗು, ಆಮೇಲೆ ಹೂವು. ಇಡೀ ತೋಟದಲ್ಲಿ ನನ್ನ ಗಂಡನ ಕೈಗೆ ಒಲಿದು ಬಂದದ್ದು ಅದೊಂದೇ.

ಅಪ್ಪನ ಕಣ್ಣಿಗೆ ಬಿಳುಪು ಕಂಡಿತು, ಅಷ್ಟು ಸಾಕಾಯಿತು. ಅಳಿಯನನ್ನು ಪಕ್ಕಕ್ಕೆ ಕರೆದರು. ನಾನು ಟವೆಲು ಮಡಚುತ್ತಿದ್ದೆ.

"ಅಳಿಯಂದ್ರೇ, ನನ್ನ ಮೂಗು ಹೋದ ಮೇಲೆ ಅವಳೇ ನನಗೆ ವಾಸನೆ ಹೇಳ್ತಿದ್ಲು. ದಿನಾ ಸಂಜೆ ಮೂಸಿ, ಇವತ್ತು ಹೀಗಿದೆ ಅಂತ ಹೇಳೋಳು. ಇನ್ಮೇಲೆ ನೀವು ಹೇಳ್ಬೇಕು. ಅಡುಗೆಯವರ ಮೂಗು ನಿಮ್ಮದು, ಮೋಸ ಮಾಡಲ್ಲ."

ನನ್ನ ಗಂಡ ಮಂಡಿಯೂರಿ ಹೂವಿಗೆ ಮೂಗು ತಂದು, ತಲೆಯೆತ್ತಿ ನನ್ನನ್ನು ನೋಡಿದರು. ಏನು ಮಾಡಲಿ ಎಂದು ಕೇಳುವ ನೋಟ. ನಾನು ಮಡಚಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದೆ.

"ಕಾಯಿಸಿದ ಹಾಲು ಆರೋವಾಗ ಬರುತ್ತಲ್ಲ ಮಾವ, ಹಾಗೆ ಶುರುವಾಗುತ್ತೆ," ಅಂದರು. "ಆಮೇಲೆ ಜೇನು. ಕೊನೇಲಿ, ಬಿಸಿಲಲ್ಲಿ ಒಣಗಿದ ಬಟ್ಟೆ ಮುಖಕ್ಕೆ ಒತ್ತಿಕೊಂಡ್ರೆ ಹೇಗಿರುತ್ತೆ, ಹಾಗೆ."

ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು.

"ಅವಳೂ ಇಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ," ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೋ ಏನೋ, ಈ ಹೊಗಳಿಕೆಯನ್ನು ನನ್ನ ಗಂಡನಿಗೆ ತಡೆಯಲಾಗಲಿಲ್ಲ. "ಮಾವ, ಇದು ಈರುಳ್ಳಿ," ಅಂದರು. ಕುಂಡ ಬೋರಲು ಹಾಕಿದ್ದು, ಗಡ್ಡೆ ಎಸೆದದ್ದು, ನಾಳೆ ನಾಳೆ ಎಂದು ಮುಂದೂಡಿದ್ದು, ಎಲ್ಲವನ್ನೂ ಹೇಳಿದರು. "ನನಗೂ ಮೊದಲ ದಿನದಿಂದ ಗೊತ್ತಿತ್ತಪ್ಪ," ಎಂದು ನಾನೂ ಹೇಳಿದೆ.

ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆಯುತ್ತಿದ್ದರು.

"ಕಸದ ಗಾಡಿಗಾ?" ಎಂದು ಕೊನೆಗೆ ಅಪ್ಪ ಕೇಳಿದರು.

"ಹೂಂ."

"ಬೇಕು ಅಂತ ಮಾಡಿಲ್ಲ, ಗೊತ್ತಾಗುತ್ತೆ. ಗಡ್ಡೆ ಹೋದ್ರೆ ಹೋಗ್ಲಿ." ಹೂವಿನ ಕಡೆಯಿಂದ ಮುಖ ತಿರುಗಿಸಿಕೊಂಡರು. "ಆದ್ರೆ ಹೇಳೋದಿದ್ರೆ, ವಾಸನೆ ಹೇಳೋಕೆ ಮುಂಚೆ ಹೇಳ್ಬೇಕಿತ್ತು."

"ಯಾಕಪ್ಪ?" ಅಂದೆ.

"ಅವಳು ಹೇಗೆ ಹೇಳ್ತಿದ್ಲು ಅಂತ ಆಗ್ಲಿಂದ ನೆನಪು ಮಾಡ್ಕೊಳ್ತಾ ಇದೀನಮ್ಮ," ಅಂದರು. "ಇವರು ಹೇಳಿದ್ದೇ ಬರ್ತಾ ಇದೆ."