ರಟ್ಟಿನ ಕೀಬೋರ್ಡ್

“ಕೈ ತೋರ್ಸೇ ಕತ್ತೆ. ಗೊಬ್ಬರದ ಕೈಯಲ್ಲಿ ನನ್ ಮಿಷನ್ ಮುಟ್ಟಿದ್ರೆ ತೊಳೆಯೋರ್ ಯಾರು, ನಿಮ್ಮಪ್ಪನಾ?”

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಸೋಮಶೇಖರಪ್ಪನವರು ಕುರ್ಚಿಯಿಂದ ಏಳದೆ ಹೀಗೆಂದಾಗ ವನಜ ಎರಡೂ ಅಂಗೈ ಚಾಚಿದಳು. ಬಣಕಲ್ ಹತ್ತಿರದ ಆ ಹೈಸ್ಕೂಲಿಗೆ ನಾಲ್ಕು ಕಂಪ್ಯೂಟರ್ ದಾನ ಕೊಟ್ಟ ಕಾಫಿ ತೋಟದ ಯಜಮಾನರು ಅವರೇ. ಅವರ ಎಸ್ಟೇಟಿನ ಕೂಲಿಯವರ ಸಾಲುಮನೆಯ ಲೈನಿನಲ್ಲಿ ಹುಟ್ಟಿ ಬೆಳೆದ ಒಂಬತ್ತನೇ ಕ್ಲಾಸಿನ ಹುಡುಗಿ ಇವಳು. ಕೈಯಲ್ಲಿ ಗೊಬ್ಬರವೇನೂ ಇರಲಿಲ್ಲ. ಬೆಳಿಗ್ಗೆ ಅವ್ವ ಮುತ್ತಮ್ಮ ಸೀಗೆಪುಡಿ ಹಾಕಿ ಉಜ್ಜಿ ಕಳಿಸಿದ್ದಳು.

ಕಂಪ್ಯೂಟರ್ ಬಂದು ವರ್ಷವಾಗಿತ್ತು. ತೋಟದವರ, ಅಂಗಡಿಯವರ ಮಕ್ಕಳು ಚಪ್ಪಲಿ ಕಳಚಿಟ್ಟು ಒಳಗೆ ಕೂರುತ್ತಿದ್ದರು. ಲೈನಿನ ಹನ್ನೊಂದು ಮಕ್ಕಳಿಗೆ ಜಗಲಿಯೇ ಗತಿ. ಅವರ ಕೈಗೆ ಬಿಸ್ಕತ್ತಿನ ರಟ್ಟಿನ ಮೇಲೆ ಪೆನ್ನಿನಲ್ಲಿ ಬರೆದ ಕೀಬೋರ್ಡ್. ಬರೆದುಕೊಟ್ಟವನು ಕಂಪ್ಯೂಟರ್ ಮೇಷ್ಟ್ರು ಸುಂದರೇಶ. ಅವನೂ ಇದೇ ಲೈನಿನವನು, ಅದಕ್ಕೇ ವನಜಳಿಗೆ ಅವನೆಂದರೆ ದೇವರು. ರಟ್ಟಿನಲ್ಲಿ ಒತ್ತಿದ್ದು ಕಾಣುವುದಿಲ್ಲವಲ್ಲ, ನಾನು ಬಂದು ನೋಡುವ ತನಕ ಬೆರಳು ತೆಗೆಯಬೇಡಿ ಎಂದು ಅವನೇ ಕಲಿಸಿದ್ದ. ಪರದೆಯ ಮೇಲಿನ ಆಮೆಯನ್ನು ನಡೆಸಿ ಚಿತ್ರ ಬಿಡಿಸುವ ಆಜ್ಞೆಗಳನ್ನು ವನಜ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಬರೆದಿದ್ದಳು, ಒಂದು ತಪ್ಪಿಲ್ಲದೆ. ಯಜಮಾನರ ಮುಂದೆ ಒಂದು ಚೌಕ ಬಿಡಿಸಿ ತೋರಿಸು, ಆಮೇಲೆ ನಿಮಗೆಲ್ಲ ಒಳಗೆ ಪಾಳಿ ಕೊಡಿಸುವುದು ನನ್ನ ಜವಾಬ್ದಾರಿ ಎಂದಿದ್ದ ಮೇಷ್ಟ್ರು.

ವನಜ ಕಂಪ್ಯೂಟರಿನ ಮುಂದೆ ಕೂತಳು. ಆಮೆಯನ್ನು ಮುಂದೆ ನಡೆಸುವ ಆಜ್ಞೆಯ ಮೊದಲ ಅಕ್ಷರ ಎಫ್ ಅನ್ನು ಒತ್ತಿ, ಮೇಷ್ಟ್ರು ನೋಡಲಿ ಎಂದು ಬೆರಳನ್ನು ಹಾಗೇ ಹಿಡಿದಳು. ಸಾಲಿನ ತುಂಬ ಎಫ್‌ಗಳು ಓಡಿದವು. ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು.

“ಹಣ್ಣು ಕೀಳೋ ಕೈ ಮಾರಾಯ ಇವು. ಇವಕ್ಕೆಲ್ಲ ಇದು ಹತ್ತುತ್ತಾ?” ಎಂದು ಸೋಮಶೇಖರಪ್ಪನವರು ಮೇಷ್ಟ್ರ ಕಡೆ ತಿರುಗಿದರು.

ವನಜಳೂ ತಿರುಗಿದಳು. ನಾನೇ ಹಾಗೆ ಹೇಳಿಕೊಟ್ಟಿದ್ದು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಸುಂದರೇಶ ಕೈಕಟ್ಟಿ ನಿಂತು, “ನಾನ್ ಆವತ್ತೇ ಹೇಳಿದ್ದೆ ಅಯ್ಯಾ, ಲೈನಿನವು ಕಲಿಯಲ್ಲ ಅಂತ” ಎಂದ.

ಯಜಮಾನರ ಬೈಗುಳ ಅವಳಿಗೆ ಹೊಸದಲ್ಲ. ಈಗ ಅಂದವನು ಮಾತ್ರ ತಮ್ಮವನೇ.

“ಒತ್ತಿ ಹಿಡ್ಕಳಿ ಅಂದೋರು ನೀವಲ್ವಾ ಸಾ?”

ಸಾಕು, ಅವಳನ್ನು ಎಬ್ಬಿಸು ಎಂದು ಯಜಮಾನರು ಮೇಷ್ಟ್ರಿಗೆ ಹೇಳಿದರು. ವನಜ ಏಳಲಿಲ್ಲ. ಎಫ್‌ಗಳನ್ನು ಅಳಿಸಿ, ಈ ಸಲ ಒಂದೊಂದೇ ಅಕ್ಷರ ಮುಟ್ಟಿ ಬಿಡುತ್ತ ಬರೆದಳು. ಆಮೆ ನೂರು ಹೆಜ್ಜೆ ನಡೆಯಿತು, ಬಲಕ್ಕೆ ತಿರುಗಿತು, ಮತ್ತೆ ನೂರು ಹೆಜ್ಜೆ. ನಗುತ್ತಿದ್ದವರು ಪರದೆಯ ಕಡೆ ಬಗ್ಗಿದರು. ಮೂರನೇ ಗೆರೆ ಮೂಡಿದ್ದೇ ಯಜಮಾನರು ಕರೆಂಟಿನ ಮೈನ್ ಸ್ವಿಚ್ ತೆಗೆಯಲು ಹೇಳಿದರು. ಓಡಿಹೋಗಿ ತೆಗೆದವನು ಸುಂದರೇಶನೇ. ಪರದೆ ಕಪ್ಪಾಯಿತು.

“ಎದ್ದೇಳೇ ಮುಂಡೆ, ನನ್ ಅನ್ನಕ್ಕೆ ಕಲ್ ಹಾಕ್ಬೇಡ” ಎಂದು ಅವನು ಅವಳ ರಟ್ಟೆ ಹಿಡಿದು ಎಳೆದ. ಜಗಲಿಯಲ್ಲಿದ್ದ ಹತ್ತು ಮಕ್ಕಳು ಕೆಸರುಗಾಲಿನಲ್ಲೇ ಹೊಸಿಲು ದಾಟಿ ಒಳಗೆ ಬಂದರು.

ವನಜ ಎರಡೂ ಕೈಯಲ್ಲಿ ಮೇಜು ಹಿಡಿದು ಕೂತಳು. ಇಷ್ಟು ದಿನ ಅವನನ್ನು ಬಹುವಚನದಲ್ಲೇ ಮಾತಾಡಿಸಿದವಳು ಈಗ ಅವನ ಮುಖವನ್ನೇ ನೋಡುತ್ತ ಅಂದಳು:

“ಕರೆಂಟ್ ಹಾಕೋ ಸುಂದ್ರೇಶ. ಇನ್ನೊಂದ್ ಗೆರೆ ಐತೆ.”