ಪಚ್ಚೆ ಹಾರದ ಕಳ್ಳ

ಮೂರನೇ ಮಹಡಿಗೆ ಹೋಗುವ ಮೆಟ್ಟಿಲನ್ನು ಬಿಂಗಣ್ಣ ಏಡಿಯ ಹಾಗೆ ಅಡ್ಡಡ್ಡ ಹತ್ತಿದ. ಒಂದು ಕೈ ಗೋಡೆಯ ಮೇಲೆ, ಎಡಗಾಲು ಮೊದಲು, ಬಲಗಾಲು ಅದರ ಪಕ್ಕಕ್ಕೆ. ಹಿಂದೆ ಬರುತ್ತಿದ್ದ ತಾಕ್ ಇದನ್ನು ನೋಡಿಯೂ ನೋಡದವನಂತೆ ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿದ. ನೋಡಿದೆ ಅಂತ ಗೊತ್ತಾದರೆ ಮುಗಿಯಿತು, ಆ ಮನುಷ್ಯ ಉಳಿದ ಮೆಟ್ಟಿಲುಗಳನ್ನು ಓಡಿಕೊಂಡೇ ಹತ್ತಿಬಿಡುತ್ತಿದ್ದ.

"ಬಿಂಗಣ್ಣ, ಇವತ್ತು ನಾನು ಹಾರಲಾ?" ಎಂದು ತಾಕ್ ಕೆಳಗಿನಿಂದಲೇ ಕೇಳಿದ.

"ಯಾಕೋ? ನಾನೇನು ಸತ್ತೋದ್ನಾ?"

"ಹಂಗಲ್ಲ, ನಂಗೂ ಒಂದು ಚಾನ್ಸ್ ಸಿಗಲಿ ಅಂತ."

"ಅಣ್ಣ ಬಿದ್ದ ಮೇಲೆ ತಮ್ಮ. ಗುರುಗಳ ಮಾತು ಮರ್ತ್‌ಬಿಟ್ಟ್ಯಾ? ಬಾಯ್ಮುಚ್ಕೊಂಡು ಹತ್ತು."

ತಾಕ್ ದಾರ ಬಿಗಿದು ಹಿಂದೆಯೇ ಹತ್ತಿದ. ಇಬ್ಬರೂ ಎಂಟನೇ ವಯಸ್ಸಿನಲ್ಲಿ ಒಬ್ಬನೇ ನಾಟಕದ ಗುರುವಿನ ಬೆತ್ತದ ಕೆಳಗೆ ಲಾಗ ಹೊಡೆಯುವುದನ್ನು ಕಲಿತವರು, ಹತ್ತು ವರ್ಷ ಒಂದೇ ಚಾಪೆಯಲ್ಲಿ ಮಲಗಿದವರು. ಹೊಸ ಪಲ್ಟಿ ಯಾವುದೇ ಇರಲಿ, ಮೊದಲು ದೊಡ್ಡವನು ಹಾಕಿ ತೋರಿಸಬೇಕು, ಮೂಳೆ ಮುರಿಯುವುದಿದ್ದರೆ ಅವನದೇ ಮುರಿಯಬೇಕು. ನಾಟಕದ ಮಂಡಲಿಗಳು ಮುಚ್ಚಿಹೋದವು, ಗುರುಗಳೂ ಹೋದರು. ಬಿಂಗಣ್ಣನಿಗೆ ನಲವತ್ತೊಂದಾಯಿತು. ನಿಯಮ ಮಾತ್ರ ಹಾಗೇ ಉಳಿಯಿತು.

ಈಗ ಇಬ್ಬರದೂ ಸಿನಿಮಾದಲ್ಲಿ ಬೇರೆಯವರ ಬದಲು ಬೀಳುವ ಕೆಲಸ. ಈ ಸಿನಿಮಾದಲ್ಲಿ ಹೀರೋಗಳು ಇಬ್ಬರು, ಒಬ್ಬ ಪೊಲೀಸು, ಇನ್ನೊಬ್ಬ ಜೇಬುಗಳ್ಳ. ಕಳುವಾದ ಪಚ್ಚೆ ಹಾರದ ಹಿಂದೆ ಬಿದ್ದು, ಹೊಡೆದಾಡಿ, ಕೊನೆಗೆ ಪ್ರಾಣಸ್ನೇಹಿತರಾಗುತ್ತಾರೆ. ಒದೆ ತಿನ್ನುವ ಹೊತ್ತು ಬಂದಾಗ ಪೊಲೀಸಿನವನ ಹಳದಿ ಜಾಕೆಟ್ ಬಿಂಗಣ್ಣನ ಮೈಗೆ, ಜೇಬುಗಳ್ಳನ ಕಪ್ಪು ಅಂಗಿ ತಾಕ್‌ನ ಮೈಗೆ. ಕ್ಯಾಮೆರಾಗೆ ಬೆನ್ನು ತೋರಿಸಿ ಬೀಳು, ಬೆನ್ನು ತೋರಿಸಿಯೇ ಏಳು, ಅನ್ನ ತಿಂದು ಮನೆಗೆ ಹೋಗು. ಇಪ್ಪತ್ತು ವರ್ಷದಿಂದ ಇಡೀ ಹಾಂಗ್‌ಕಾಂಗ್ ಇವರ ಬೆನ್ನು ನೋಡಿ ಸೀಟಿ ಹೊಡೆದಿದೆ, ಮುಖವನ್ನು ಒಂದು ನರಪಿಳ್ಳೆಯೂ ನೋಡಿಲ್ಲ. ಹೀರೋಗಳಿಬ್ಬರೂ ಬೆಳಿಗ್ಗೆ ಹತ್ತಕ್ಕೇ ಬೇರೆ ಸಿನಿಮಾಗಳ ಸೆಟ್ಟಿಗೆ ಹೊರಟುಹೋಗಿದ್ದರು. ಅವರಿಗೇನು, ಕಾಲು ನೆಟ್ಟಗಿದೆ.

ಕೆಳಗೆ ಯಾವ್ ಮಾ ತೇಯ್‌ನ ಹಣ್ಣಿನ ಬೀದಿ. ಗೋಡೆಗೆ ಕಟ್ಟಿದ ಎರಡು ಬಟ್ಟೆ ಚಪ್ಪರಗಳನ್ನು ಹರಿದುಕೊಂಡು, ಪಚ್ಚೆ ಹಾರವನ್ನು ಕೈಯಲ್ಲಿ ಹಿಡಿದ ಬಿಂಗಣ್ಣ ಹಣ್ಣಿನಂಗಡಿಯ ಮೇಲೆ ಬೀಳಬೇಕು. ಕಿತ್ತಳೆಗಳ ಅಡಿಯಲ್ಲಿ ಖಾಲಿ ರಟ್ಟಿನ ಡಬ್ಬಗಳನ್ನು ಒಟ್ಟಿದ್ದರು. ತಾಕ್ ಬೆಳಿಗ್ಗೆಯೇ ಹೋಗಿ ಒಂದೊಂದನ್ನೂ ಅಮುಕಿ ನೋಡಿ, ಯಾರನ್ನೂ ಕೇಳದೆ ಇನ್ನೂ ಎರಡು ಸಾಲು ಸೇರಿಸಿದ್ದ. ಅವನ ತಲೆಯಲ್ಲಿದ್ದದ್ದು ಒಂದೇ ಲೆಕ್ಕ: ಆ ಬಲಗಾಲು ಒಂದು ಸಲ ತಡೆದುಕೊಳ್ಳುತ್ತದೆ, ಎರಡನೇ ಸಲ ತಡೆಯುವುದಿಲ್ಲ. ದೇವರೇ, ಒಂದೇ ಸಲಕ್ಕೆ ಆಗಿಹೋಗಲಿ.

"ಹಾರು!" ಎಂದು ಡೈರೆಕ್ಟರ್ ಪೂನ್ ಕೂಗಿದರು.

ಹಳದಿ ಜಾಕೆಟ್ ಕಿಟಕಿಯಿಂದ ಹೊರಬಿತ್ತು. ಮೊದಲ ಚಪ್ಪರ ಪರ್ರನೆ ಹರಿಯಿತು, ಎರಡನೆಯದು ಹರಿಯಿತು, ಕಿತ್ತಳೆಗಳು ಬೀದಿ ತುಂಬ ಉರುಳಿದವು. ಮಣ್ಣು ಮೆತ್ತಿದ ರಟ್ಟಿನ ನಡುವಿನಿಂದ ಬಿಂಗಣ್ಣ ಎದ್ದ. ಎದ್ದವನು ಅಲ್ಲಿಗೆ ನಿಲ್ಲಿಸಬಾರದೆ! ಒಂದು ಸುತ್ತು ತಿರುಗಿ, ಎಡಗಾಲು ಊರಿ, ಹಾರವನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಕತ್ತನ್ನು ಟಕ್ಕನೆ ಕ್ಯಾಮೆರಾ ಕಡೆಗೆ ಹೊರಳಿಸಿ, ಕಣ್ಣರಳಿಸಿ, ಶಿಲೆಯಂತೆ ನಿಂತುಬಿಟ್ಟ.

ಅದು ರಂಗದ ಮೇಲೆ ಲಾಗ ಮುಗಿಸಿದ ನಟ ಜನರಿಗೆ ಮುಖ ಕೊಟ್ಟು ನಿಲ್ಲುವ ಭಂಗಿ. ಚಪ್ಪಾಳೆ ಬೀಳುವ ತನಕ ಕದಲುವಂತಿಲ್ಲ. ಬಿದ್ದವನು ಕೂಲಿ, ಬಿದ್ದು ಮುಖ ಕೊಟ್ಟವನು ನಟ ಅಂತ ಗುರುಗಳು ಬೆತ್ತದಲ್ಲಿ ಬರೆದು ಕಲಿಸಿದ್ದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಈ ಹೊಡೆದು ಕಲಿಸಿದ ಗುಣ ಅದಕ್ಕಿಂತ ಗಟ್ಟಿ.

"ಅಯ್ಯೋ ನಿನ್ನ ಮನೆ ಹಾಳಾಗ!" ಪೂನ್ ಟೋಪಿ ಕಿತ್ತು ನೆಲಕ್ಕೆ ಬಡಿದರು. "ಮುಖ ಯಾಕಯ್ಯಾ ತೋರಿಸ್ದೆ? ನನ್ನ ಹೀರೋಗೆ ಇಪ್ಪತ್ತಾರು ವರ್ಷ, ನಿನ್ನ ಮುಖ ನೋಡಿದ್ರೆ ಅವನ ಮಾವನ ಥರ ಇದೀಯ!"

ಲೈಟಿನ ಹುಡುಗರು ಬಿದ್ದು ಬಿದ್ದು ನಕ್ಕರು. ಬಿಂಗಣ್ಣನೂ ನಕ್ಕ. "ತಪ್ಪಾಯ್ತು ಡೈರೆಕ್ಟರೇ. ಚಪ್ಪರ ಕಟ್ಟಿಸಿ, ಇನ್ನೊಂದ್ಸಲ ಹಾರ್ತೀನಿ. ಅದೇನು ಮಹಾ!"

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಅವನ ಎಡಗೈ ಅಂಗಡಿಯ ಕಂಬವನ್ನು ಹಿಡಿದುಕೊಂಡಿತ್ತು, ಬೆರಳ ಗೆಣ್ಣುಗಳು ಬಿಳಿಚಿದ್ದವು. ಮೆಟ್ಟಿಲಿಳಿದು ಓಡಿ ಬಂದ ತಾಕ್ ಮೊದಲು ನೋಡಿದ್ದು ಆ ಕೈಯನ್ನೇ. ಇನ್ನೊಂದು ಸಲ ಹಾರಿದರೆ ಈ ಅಣ್ಣ ಮತ್ತೆ ನಡೆಯುವುದೇ ಅನುಮಾನ. ನಾನು ಹಾರುತ್ತೇನೆ ಎಂದರೆ ಇಷ್ಟು ಜನರ ಎದುರು ಅವನ ಮರ್ಯಾದೆ ಕಳೆದ ಹಾಗೆ, ಜನ್ಮದಲ್ಲಿ ಕ್ಷಮಿಸುವುದಿಲ್ಲ. ಕಾಲು ಹೋಗಿದೆ ಎಂದು ಡೈರೆಕ್ಟರ ಕಿವಿಯಲ್ಲಿ ಉಸುರಿದರೆ ನಾಳೆಯಿಂದ ಯಾವ ಸೆಟ್ಟಿನವರೂ ಕರೆಯುವುದಿಲ್ಲ. ಒಟ್ಟಿನಲ್ಲಿ ಅತ್ತ ದರಿ, ಇತ್ತ ಪುಲಿ.

"ಡೈರೆಕ್ಟರೇ, ಒಂದು ಮಾತು," ಎಂದ ತಾಕ್. ಏನು ಹೇಳಬೇಕೆಂದು ಅವನಿಗೇ ಗೊತ್ತಿರಲಿಲ್ಲ, ಬಾಯಿ ತೆರೆದ ಮೇಲೆ ಹೊಳೆಯಿತು. "ಇವನೇ ಕಳ್ಳ ಅಂತ ಮಾಡಿದ್ರೆ ಹೆಂಗೆ?"

"ಯಾವನೋ ಕಳ್ಳ?"

"ಬಿಂಗಣ್ಣ. ಹಾರ ಕದ್ದೋನು ಯಾರು ಅಂತ ನೀವಿನ್ನೂ ಬರ್ದೇ ಇಲ್ವಲ್ಲ. ಹಾರ ಕದ್ದ, ತಪ್ಪಿಸ್ಕೊಳ್ಳೋಕೆ ಪೊಲೀಸಿನವನ ಜಾಕೆಟ್ಟೂ ಕದ್ದು ಹಾಕ್ಕೊಂಡ. ಜೇಬುಗಳ್ಳ ತನ್ನ ಸ್ನೇಹಿತನೇ ಬಿದ್ದ ಅಂತ ಎದೆ ಒಡ್ಕೊಂಡು ಓಡಿ ಬರ್ತಾನೆ. ನೋಡಿದ್ರೆ ಬೇರೆ ಮುಖ!"

ಪೂನ್ ಬಿದ್ದ ಟೋಪಿಯನ್ನು ಎತ್ತಿಕೊಂಡು ಧೂಳು ಕೊಡವಿದರು. ಅವರ ಕಥೆ ಯಾವತ್ತೂ ಆಯಾ ದಿನದ ಬೆಳಿಗ್ಗೆ ಚಹಾದಂಗಡಿಯಲ್ಲಿ ಹುಟ್ಟುವಂಥದು. ಅವತ್ತು ಬೆಳಿಗ್ಗೆ ಏನೂ ಹುಟ್ಟಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಜಾಕೆಟ್ಟೂ ಕದ್ದ..." ಎಂದು ಗೊಣಗಿದರು. ಹರಿದ ಚಪ್ಪರಗಳನ್ನು ನೋಡಿದರು, ಗಡಿಯಾರ ನೋಡಿದರು. "ಅಂಗಡಿಯವರಿಗೆ ಹನ್ನೆರಡಕ್ಕೆ ಬೀದಿ ಬಿಟ್ಕೊಡ್ಬೇಕು. ಸರಿ, ಹಿಡಿದಿದ್ದೇ ಸಾಕು, ಕಳ್ಳ ಸಾಯ್ಲಿ! ತಾಕ್, ನೀನು ಬೆನ್ನು ಕೊಟ್ಟು ಕೂತು ಅವನ ತಲೆ ತೊಡೆ ಮೇಲೆ ಇಟ್ಕೋ. ಬಿಂಗ್, ಹಾರ ಅವನ ಕೈಗೆ ಕೊಟ್ಟು ಎರಡು ಮಾತಾಡಿ ಸಾಯಿ."

"ಮಾತಾ?" ಬಿಂಗಣ್ಣನ ಮುಖ ಬಿಳಿಚಿತು. ಮೂರು ಮಹಡಿ ಮೇಲೆ ನಿಂತಾಗಲೂ ಬಿಳಿಚದ ಮುಖ! "ನಂಗೆ ಮಾತು ಬರಲ್ಲ ಡೈರೆಕ್ಟರೇ. ಏನ್ ಹೇಳ್ಲಿ?"

"ಏನಾದ್ರೂ ಹೇಳಯ್ಯ. ಧ್ವನಿ ಯಾವನು ಹಿಡೀತಾನಿಲ್ಲಿ? ಆಮೇಲೆ ಸ್ಟುಡಿಯೋದಲ್ಲಿ ಬೇರೆಯವನು ಕೂತು ಮಾತು ಹಾಕ್ತಾನೆ. ನಿನ್ನ ತುಟಿ ಅಲ್ಲಾಡಿದ್ರೆ ಸಾಕು. ಒಂದರಿಂದ ಇಪ್ಪತ್ತು ಎಣಿಸು, ಬೇಕಿದ್ರೆ ನಂಗೆ ಬೈಯಿ."

ತಾಕ್ ಮಂಡಿಯೂರಿ ಕೂತು ಬಿಂಗಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಾಯಿಯ ಅಂಚಿಗೆ ಯಾರೋ ಬಣ್ಣದ ರಕ್ತ ಸವರಿದರು. ಕ್ಯಾಮೆರಾ ಹೊಲಿಗೆ ಯಂತ್ರದ ಹಾಗೆ ಗರಗರ ಶುರುವಾಯಿತು. ಆ ಸದ್ದಿನಲ್ಲಿ ಎರಡು ಹೆಜ್ಜೆ ಆಚೆ ನಿಂತವನಿಗೂ ಇವರ ಪಿಸುಮಾತು ಕೇಳುವಂತಿರಲಿಲ್ಲ.

"ಒಂದು, ಎರಡು, ಮೂರು," ಎಂದು ಬಿಂಗಣ್ಣ ಎಣಿಸಿದ. ನಾಲ್ಕಕ್ಕೆ ನಿಂತ. ತಾಕ್‌ನ ಮುಖವನ್ನೇ ನೋಡಿದ.

"ತಾಕ್, ಮೊಣಕಾಲು ಹೋಗಿದೆ ಕಣೋ."

ತಾಕ್ ಇನ್ನಷ್ಟು ಬಗ್ಗಿದ.

"ಮೂರು ತಿಂಗಳಾಯ್ತು. ನಿಮ್ಮತ್ತಿಗೆಗೂ ಹೇಳಿಲ್ಲ. ಇವತ್ತು ಕಿಟಕಿ ಹತ್ರ ನಿಂತೆ ನೋಡು, ನೆಲ ಕಾಣ್ಲಿಲ್ಲ. ಹೆದರ್ಕೊಂಡ್ಬಿಟ್ಟೆ ಕಣೋ. ಹೆಂಗ್ ಹಾರಿದ್ನೋ, ಹೆಂಗ್ ಎದ್ನೋ, ನಂಗೊಂದೂ ಗೊತ್ತಿಲ್ಲ. ಗುರುಗಳು ಬೆತ್ತ ಹಿಡ್ಕೊಂಡು ಎದುರಿಗೇ ನಿಂತಂಗಿತ್ತು, ಅದಕ್ಕೇ ಮುಖ ಕೊಟ್ಬಿಟ್ಟೆ. ಇನ್ನು ನನ್ ಕೈಲಾಗಲ್ಲ, ತಮ್ಮಾ. ಯಾರಿಗ್ ಹೇಳೋದು ಅಂತಾನೇ ಗೊತ್ತಾಗ್ಲಿಲ್ಲ."

ಮೂವತ್ತು ವರ್ಷದಲ್ಲಿ ಆ ಬಾಯಿಂದ ತಾಕ್ ಇಂಥ ಮಾತು ಕೇಳಿರಲಿಲ್ಲ. ಬೆತ್ತದಿಂದ ತೊಡೆ ಒಡೆದ ದಿನವೂ ಇಲ್ಲ, ಗುರುಗಳು ಸತ್ತ ದಿನವೂ ಇಲ್ಲ. ಕಣ್ಣು ತುಂಬಿ ಬಂದು ಬಿಂಗಣ್ಣನ ಹಣೆಯ ಮೇಲೆ ತೊಟ್ಟಿಕ್ಕಿತು. ಬರಲಿ ಬಿಡು, ಕ್ಯಾಮೆರಾಗೆ ಕಾಣುವುದು ಬೆನ್ನು ತಾನೆ.

"ಸಾಕು ಬಿಡಣ್ಣ," ಎಂದ. "ಇಷ್ಟು ವರ್ಷ ನನ್ ಪಾಲಿಂದೂ ನೀನೇ ಬಿದ್ದೆ. ಇನ್ಮೇಲೆ ನಾನು ಬೀಳ್ತೀನಿ. ನೀನು ಕೆಳಗೆ ನಿಂತು ಡಬ್ಬ ಜೋಡ್ಸು, ಸರಿಯಾಗಿ ಬೀಳ್ದಿದ್ರೆ ಬೈಯಿ."

"ಬೈಯ್ಯೋದಾ? ಬೆತ್ತಾನೇ ತರ್ತೀನಿ."

"ತಾಕ್, ಭುಜ ಅಲ್ಲಾಡಿಸ್ಬೇಡ!" ಪೂನ್ ಹಿಂದಿನಿಂದ ಕೂಗಿದರು. "ಬಿಂಗ್, ಭೇಷ್! ನಗ್ತಾ ನಗ್ತಾನೇ ಸಾಯ್ತಾನೆ, ನೋಡ್ರೋ! ಹಾರ ಕೊಡು. ಹಾಂ, ಈಗ ಸಾಯಿ!"

ಬಿಂಗಣ್ಣ ಗಾಜಿನ ಮಣಿಗಳ ಹಾರವನ್ನು ತಾಕ್‌ನ ಕೈಗಿಟ್ಟು ಕಣ್ಣು ಮುಚ್ಚಿದ. ಎಂಥ ನೆಮ್ಮದಿಯಾಗಿ ಸತ್ತನೆಂದರೆ, ಕಟ್ ಹೇಳಿದ ಮೇಲೂ ಒಂದು ಗಳಿಗೆ ಏಳಲೇ ಇಲ್ಲ. ಹಣ್ಣಿನಂಗಡಿಯ ಮುದುಕಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಕ್ಯಾಮೆರಾ ಮುಂದೆ ಸತ್ತವರಿಗೆ ಅಪಶಕುನ ಕಳೆಯಲು ಕೆಂಪು ಲಕೋಟೆ ಕೊಡುವುದು ರೂಢಿ. ಅದರಲ್ಲಿರುವ ದುಡ್ಡನ್ನು ಆವತ್ತೇ ಖರ್ಚು ಮಾಡಿ ಮುಗಿಸಬೇಕು. ಮ್ಯಾನೇಜರ್ ಲಾನಕ್ಕ ಲಕೋಟೆ ಹಿಡಿದು ಬಂದಳು. "ತಗೋ ಬಿಂಗ್. ಸತ್ತಿದ್ದು ಸಾಕು, ನೂರು ವರ್ಷ ಬಾಳು."

"ಬಾತುಕೋಳಿ ಅನ್ನ ತಿನ್ನಾಣ ನಡಿಯೋ," ಎಂದ ಬಿಂಗಣ್ಣ.

ಎದ್ದು ನಿಂತ. ಹುಡುಗರೆಲ್ಲ ಚಪ್ಪರದ ಬಿದಿರು ಬಿಚ್ಚುತ್ತ ಸುತ್ತಲೇ ಇದ್ದರು, ಇವನಿಂದ ಬೀಳುವುದನ್ನು ಕಲಿತ ಹುಡುಗರೇ ಎಲ್ಲ. ಬಿಂಗಣ್ಣ ಅವರನ್ನು ಒಮ್ಮೆ ನೋಡಿದ. ಆಮೇಲೆ ತಾಕ್‌ನ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಭುಜ ಕೊಡೋ. ಕಾಲು ನೋಯ್ತಿದೆ."

ಯಾರೂ ನಗಲಿಲ್ಲ. ಒಬ್ಬ ದಾರಿಯಲ್ಲಿದ್ದ ಕಿತ್ತಳೆಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ತಾಕ್ ಭುಜ ಕೊಟ್ಟ. ಬಿಂಗಣ್ಣ ಪೂರ್ತಿ ಭಾರ ಬಿಟ್ಟು ಒರಗಿದ, ಇಬ್ಬರೂ ಕುಂಟುತ್ತ ಊಟಕ್ಕೆ ಹೊರಟರು.