ಸದ್ದಿಲ್ಲದ ಕಾರು

ಎಂಜಿನ್ ನಿಂತೇಹೋಯಿತು. ಇನ್ನೊಬ್ಬರ ಕಾರು ಕೆಡಿಸಿಬಿಟ್ಟೆನೆಂದುಕೊಂಡ ರಮಾನಂದ. ಶಿರಾಲಿ ದಾಟಿದ ಮೇಲೆ ಲಾರಿಯೊಂದು ಹೆದ್ದಾರಿಗೆ ಅಡ್ಡ ನಿಂತು ತಿರುಗಿಕೊಳ್ಳುತ್ತಿತ್ತು. ಅದಕ್ಕೆಂದು ಬ್ರೇಕ್ ಒತ್ತಿದ್ದ, ಅಷ್ಟೆ. ಕೈ ಕೀಲಿಯತ್ತ ಹೋಯಿತು.

"ಅದು ಹಾಂಗೇ ಅಲ್ವಾ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ವಂದನಾ. "ನಿಂತಲ್ಲಿ ಎಂಜಿನ್ ಬಂದ್ ಆಗ್ತದೆ. ನೀವೇ ಹೇಳಿದ್ರಿ."

ಹೌದು, ಅವನೇ ಹೇಳಿದ್ದ. ಪೆಟ್ರೋಲು, ಬ್ಯಾಟರಿ ಎರಡರಿಂದಲೂ ಓಡುವ ಈ ಹೈಬ್ರಿಡ್ ಕಾರಿನ ಬಗ್ಗೆ ಅವನಿಗೆ ತಿಳಿಯದ್ದು ಏನೂ ಉಳಿದಿರಲಿಲ್ಲ. ಓಡಿಸಿ ಮಾತ್ರ ಗೊತ್ತಿರಲಿಲ್ಲ.

ಅಂಥ ಕಾರು ದೇಶದಲ್ಲಿ ಮಾರಾಟಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬರುವ ಸುದ್ದಿ ಕೇಳಿದಂದಿನಿಂದ, ಕುಮಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ರಮಾನಂದ ಪಾಠ ಮುಗಿದದ್ದೇ ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಗೆ ಹೋಗಿ ಕೂರುತ್ತಿದ್ದ. ಅಮೆರಿಕದವರು ಬರೆದದ್ದು, ಜಪಾನಿನವರು ಬರೆದದ್ದು, ಕೊಂಡು ಬೈದುಕೊಂಡವರು ಬರೆದದ್ದು, ಎಲ್ಲ ಓದಿದ. ಹೊಳನಗದ್ದೆಯ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅದನ್ನೇ ವಂದನಾಳಿಗೆ ಹೇಳುತ್ತಿದ್ದ. ಡೀಸೆಲ್ ಒಳ್ಳೆಯದೋ ಇದೋ? ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ನಿಂತರೆ ಬ್ಯಾಟರಿಯ ಗತಿಯೇನು? ರಿಪೇರಿಗೆ ಮಂಗಳೂರಿನ ತನಕ ಒಯ್ಯುವುದು ಹೇಗೆ? ಅವಳು ಮರುದಿನದ ಸೊಪ್ಪು ಬಿಡಿಸುತ್ತ ಹೂಂಗುಟ್ಟುತ್ತಿದ್ದಳು. ಕೇಳುತ್ತಿಲ್ಲವೆಂದೇ ಅವನು ತಿಳಿದಿದ್ದ. ಅದರಿಂದ ಬೇಸರವೇನೂ ಇರಲಿಲ್ಲ. ಕಪ್ಪುಹಲಗೆಯತ್ತ ಮುಖ ಮಾಡಿ ಪಾಠ ಹೇಳಿ ರೂಢಿ.

ಆದರೆ ಇವತ್ತು ಬೆಳಿಗ್ಗೆ ಭಟ್ಕಳದಲ್ಲಿ ಆದದ್ದೇ ಬೇರೆ. ದುಬೈಯಲ್ಲಿ ಬಟ್ಟೆ ವ್ಯಾಪಾರ ಮಾಡಿ ಊರಿಗೆ ಮರಳಿದ ದಾಮುದಿ ಸಾಹೇಬರು, ಅವನಿಗೆ ಗೊತ್ತಿದ್ದಂತೆ, ಈ ಕರಾವಳಿಯಲ್ಲಿ ಇಂಥ ಕಾರಿದ್ದ ಒಬ್ಬರೇ ಒಬ್ಬರು. ತಮ್ಮ ಮಗಳಿಗೆ ಪಾಠ ಹೇಳಿದ ಮಾಸ್ತರರೆಂದು, ಓಡಿಸಿ ನೋಡಲು ಕೊಡುವೆನೆಂದಿದ್ದರು. ಚಹಾ ಕೊಟ್ಟು ಕೇಳಿದರು: "ಮಾಸ್ತರ್ರೆ, ದಾರಿ ಮೇಲೆ ಬ್ಯಾಟರಿ ಖಲಾಸ್ ಆದ್ರೆ ಎಂತ ಮಾಡೂದು? ನಮ್ಮ ಮನೇಲಿ ಎಲ್ಲರಿಗೂ ಅದೇ ಹೆದರಿಕೆ."

ರಮಾನಂದ ಬಾಯಲ್ಲಿದ್ದ ಬಿಸ್ಕತ್ತು ನುಂಗುವಷ್ಟರಲ್ಲಿ ವಂದನಾ ಹೇಳಿದಳು: "ಪೂರಾ ಖಾಲಿ ಆಗೂಕೆ ಅದು ಬಿಡೂದಿಲ್ಲ ಸಾಹೇಬ್ರೆ. ಇಳಿತದಲ್ಲಿ, ಬ್ರೇಕ್ ಹಾಕುವಾಗ ತಾನೇ ತುಂಬ್ಕಳ್ತದೆ."

ಸಾಹೇಬರಿಗೆ ನಗು. "ನೀವು ಯಾವ ಕಾಲೇಜಲ್ಲಿ ಕಲಿಸೂದು ಅಮ್ಮ?"

"ನಾನು ಕಲಿಸೂದಿಲ್ಲ. ಕಲಿಯೂದು."

ಸಾಹೇಬರು ಕೀಲಿ ಕೊಟ್ಟರು. "ಮಂಕಿವರೆಗೆ ಹೋಗಿ ಬನ್ನಿ. ಅರ್ಜಂಟಿಲ್ಲ."

ಲಾರಿ ಇನ್ನೂ ತಿರುಗುತ್ತಲೇ ಇತ್ತು. ಕಾರಿನೊಳಗೆ ಅವಳ ಬಳೆ ಸರಿದದ್ದು ಕೇಳಿಸಿತು. ತಾನು ಉಗುಳು ನುಂಗಿದ್ದೂ ಕೇಳಿಸಿತು. ಅವರ ಹಳೆಯ ಕಾರಿನಲ್ಲಿ ಈ ತಾಪತ್ರಯವಿರಲಿಲ್ಲ. ಅದರ ಸದ್ದಿನಲ್ಲಿ ಮಾತಾಡಲಾಗುವುದಿಲ್ಲವೆಂದು ಇಬ್ಬರೂ ಎಂದೋ ಒಪ್ಪಿಕೊಂಡಿದ್ದರು.

"ಹೆಂಗನ್ನಿಸ್ತು?" ಎಂದು ಕೇಳಿದ.

"ಚಂದ ಅದೆ."

"ಹಾಂಗಾದ್ರೆ ನಾಳೆ ಮಂಗಳೂರಿಗೆ ಫೋನ್ ಮಾಡ್ಲಾ? ಬುಕ್ ಮಾಡೂಕೆ?"

ಅವಳು ಲಾರಿಯತ್ತ ಕೈ ತೋರಿಸಿದಳು. ಲಾರಿ ದಾರಿ ಬಿಟ್ಟಿತು. ಮಂಕಿ ಬರುವವರೆಗೂ ಅವನು ಮತ್ತೆ ಕೇಳಲಿಲ್ಲ. ತೆಂಗಿನತೋಟದ ನೆರಳಿನಲ್ಲಿ ಕಾರು ನಿಲ್ಲಿಸಿದ. ಮತ್ತದೇ ನಿಶ್ಶಬ್ದ.

"ಈಗ್ಲೇ ತಕಳೂದು ಬೇಡ," ಎಂದಳು.

"ಎಂತಕ್ಕೆ? ಡೀಸೆಲ್ಲೇ ಒಳ್ಳೇದು ಅಂತಿಯಾ?"

"ಅದಲ್ಲ. ನೀವು ನಗೂದಿಲ್ಲ ಅಂದ್ರೆ ಹೇಳ್ತೆ."

"ಹೇಳು."

"ತಕಂಡಾದ್ಮೇಲೆ, ರಾತ್ರಿ ಊಟ ಆಗಿ ನಾವು ಎಂತ ಮಾತಾಡೂದು?"

ಅವನು ನಕ್ಕ. ನಗು ಮುಗಿದ ಮೇಲೆ, ಅವಳು ನಗುತ್ತಿಲ್ಲವೆಂದು ಕಂಡಿತು.

"ಮೊದ್ಲು ನೀವು ಉಂಡಕೂಡ್ಲೆ ಪೇಪರ್ ತಿದ್ದೂಕೆ ಹೋಗ್ತಿದ್ರಿ. ನಾನು ಟಿ.ವಿ. ಹಾಕ್ತಿದ್ದೆ. ಈ ಕಾರು ಬಂದ್ಮೇಲೆ," ಬಂದೇ ಇರದ ಕಾರನ್ನು ಅವಳು ಹಾಗೆಯೇ ಅಂದಳು, "ನೀವು ಅಡುಗೆಮನೆಗೆ ಬಂದು ಕೂತ್ಕಳ್ತೀರಿ. ನಂಗೆ ಖುಶಿ ಆಗ್ತದೆ."

ಅವನಿಗೆ ಅವಳ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಏನಾದರೂ ಹೇಳಬೇಕು, ಕಾರಿಗೆ ಸಂಬಂಧವಿಲ್ಲದ್ದು, ಈಗಲೇ. ಕಿವಿಯ ಪಕ್ಕದ ಕೂದಲು ಯಾವಾಗ ನರೆಯಿತೆಂದು ಕೇಳಲೆ? ಮದುವೆಯಾದ ಹೊಸತರಲ್ಲಿ ಅವಳು ಯಾವುದೋ ಹಾಡು ಗುನುಗುತ್ತಿದ್ದಳು. ಯಾವುದದು? ಕೇಳಿದರೆ ತಾನು ಮರೆತದ್ದು ಗೊತ್ತಾಗಿಬಿಡುತ್ತದೆ. ಹುಡುಕಿದ. ಓದಿದ್ದೆಲ್ಲ ನಾಲಿಗೆಯ ತುದಿಗೆ ಬಂತು, ಬೇಕಾದ ಒಂದು ಮಾತು ಬರಲಿಲ್ಲ.

"ಎ.ಸಿ. ಜಾಸ್ತಿ ಆತಾ?" ಎಂದ.

"ಇಲ್ಲ. ಹಿತ ಅದೆ." ಗೇರಿನ ಮೇಲಿದ್ದ ಅವನ ಕೈಯ ಮೇಲೆ ಕೈಯಿಟ್ಟಳು. ಆಮೇಲೆ, "ಆತು, ಹೋಗ್ವಾ," ಎಂದಳು.

ಅರ್ಜಂಟಿಲ್ಲವಲ್ಲ ಎಂದು ಅವನು ಸಮುದ್ರದ ಕಡೆಯ ಕಿರಿದಾದ ರಸ್ತೆಗೆ ತಿರುಗಿಸಿದ. ಅಲ್ಲಿ ನಡುರಸ್ತೆಯಲ್ಲೇ, ಮೀನು ಮಾರಿ ಬರುತ್ತಿದ್ದ ಹೆಂಗಸರಿಬ್ಬರು ಖಾಲಿ ಬುಟ್ಟಿ ಹೊತ್ತು ಮುಂದೆ ನಡೆಯುತ್ತಿದ್ದರು. ಬರಿಯ ಬ್ಯಾಟರಿಯ ಮೇಲೆ ಉರುಳುತ್ತಿದ್ದ ಕಾರು ಅವರಿಗೆ ಕೇಳಿಸಲಿಲ್ಲ. ಒಬ್ಬಳು ಕೈ ಬೀಸಿ ಏನೋ ಅಂದಳು. ಇನ್ನೊಬ್ಬಳು ನಗು ತಡೆಯಲಾರದೆ ಬಾಗಿ ಬುಟ್ಟಿ ಹಿಡಿದುಕೊಂಡಳು. ಏರಿಸಿದ ಗಾಜಿನ ಒಳಗೆ ಒಂದು ಮಾತೂ ಬರಲಿಲ್ಲ.

ರಮಾನಂದ ಹಾರ್ನಿನ ಮೇಲೆ ಕೈಯಿಟ್ಟ, ಒತ್ತಲಿಲ್ಲ. ಒತ್ತಿ ಎಂದು ವಂದನಾಳೂ ಹೇಳಲಿಲ್ಲ. ಹಿಂದೆ ಯಾರೋ ಇದ್ದಾರೆಂಬುದೇ ತಿಳಿಯದೆ ಆ ಇಬ್ಬರು ಮಾತಾಡುತ್ತ, ಮಾತಾಡುತ್ತ ನಡೆದರು. ಇಬ್ಬರನ್ನು ಹೊತ್ತ ಕಾರು ಅವರ ಬೆನ್ನ ಹಿಂದೆ ತೆವಳಿತು.